ಏಳು ಕಿಟಕಿ, ಮೂರು ಇಂಚು

ಹೊಸ ಮನೆಗೆ ಏಳು ಕಿಟಕಿ. ಬೀಗ ತೆಗೆದು ಒಳಗೆ ಕಾಲಿಟ್ಟ ಸೊಸೆ ಮೊದಲು ಮಾಡಿದ ಕೆಲಸವೆಂದರೆ ಅವನ್ನು ಎಣಿಸಿದ್ದು. ತಿಂಗಳ ಹಿಂದೆ ಮನೆ ನೋಡಲು ಬಂದಿದ್ದ ಗಂಡ ಫೋನಿನಲ್ಲಿ ಏಳು ಎಂದಾಗ ಅವಳು ಪೂರ್ತಿ ನಂಬಿರಲಿಲ್ಲ. ಅವನು ಫ್ರಿಜ್ ರಿಪೇರಿಯವನು. 'ಅರ್ಧ ಗಂಟೇಲಿ ಆಗೋಗತ್ತೆ' ಎಂದು ಹೇಳಿ ಮೂರು ದಿನ ಎಳೆಯುವ ಬಾಯಿ ಅದು, ಅದರಿಂದ ಬಂದ ಲೆಕ್ಕವನ್ನು ಯಾರು ನಂಬುತ್ತಾರೆ? ಆದರೆ ಏಳೂ ಇದ್ದವು. ಬೀದಿಗೆ ಮುಖ ಮಾಡಿದ ದೊಡ್ಡ ಕೋಣೆಯಲ್ಲೇ ಮೂರು. ಅವಳು ಒಂದೊಂದನ್ನೂ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಲಾರಿಯಿಂದ ಸಾಮಾನು ಇಳಿಸುತ್ತಿದ್ದವರು "ಅಕ್ಕಾ, ಈ ಮಿಷನ್ ಎಲ್ಲಿಡೋಣ?" ಎಂದು ಎರಡು ಸಲ ಕೂಗಿದ ಮೇಲೆ ಅವಳಿಗೆ ಎಚ್ಚರವಾಯಿತು.

"ಎಲ್ಲಿ ಬೇಕಾದ್ರೂ ಇಡಿ," ಎಂದಳು. ಇಂಥ ಮಾತನ್ನು ಅವಳು ಮದುವೆಯಾದಾಗಿನಿಂದ ಯಾರಿಗೂ ಹೇಳಿರಲಿಲ್ಲ.

ಹಳೆಯ ಊರಿನಲ್ಲಿ ಅವರಿಗಿದ್ದದ್ದು ಒಂದೂವರೆ ಕೋಣೆ, ಒಂದು ಕಿಟಕಿ. ಆ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಅದರ ಸುಣ್ಣ ಬೆರಳಿಗೆ ಹತ್ತುತ್ತಿತ್ತು. ಹೊಲಿಗೆ ಮಿಷನ್ ಇದ್ದದ್ದು ಬಚ್ಚಲಿಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ. ಯಾರಾದರೂ ಬಚ್ಚಲಿಗೆ ಹೋಗಬೇಕೆಂದರೆ ಅವಳು ಎದ್ದು, ಸ್ಟೂಲನ್ನು ಎದೆಗವಚಿಕೊಂಡು, ಗೋಡೆಗೆ ಒರಗಿ ನಿಲ್ಲಬೇಕು. ಹತ್ತು ವರ್ಷ ಹೀಗೆ ಎದ್ದು ಕೂತು, ಎದ್ದು ಕೂತು ಮಾಡಿದಳು, ಪುಣ್ಯಾತ್ಗಿತ್ತಿ. ಬಾಡಿಗೆ ಮಾತ್ರ ವರ್ಷ ವರ್ಷವೂ ಬೆಳೆಯಿತು, ಮನೆ ಒಂದು ಗೇಣೂ ಬೆಳೆಯಲಿಲ್ಲ. ಕೊನೆಗೊಂದು ದಿನ ಅವಳೇ ಬಾಯಿಬಿಟ್ಟಳು.

"ಗಡಿ ಆಚೆ ಊರಲ್ಲಿ ಇದರ ಅರ್ಧ ಬಾಡಿಗೆಗೆ ಇಡೀ ಮನೆ ಸಿಗತ್ತಂತೆ. ಫ್ರಿಜ್ ಎಲ್ಲಾ ಕಡೆ ಕೆಡತ್ತೆ, ಪ್ಯಾಂಟು ಎಲ್ಲಾ ಕಡೆ ಹರಿಯತ್ತೆ. ಇಲ್ಯಾಕೆ ಉಸಿರು ಕಟ್ಕೊಂಡು ಬಿದ್ದಿರಬೇಕು?"

ಗಂಡನಿಗೆ ಮಾತು ಬೇಗ ರುಚಿಸಿತು. ಎಂಟು ವರ್ಷದ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ನನಗೇ ಅಂತ ಮಂಚ ಇರತ್ತಾ?" ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ರೀಲು ಎಂದು. ದರ್ಜಿಯ ಮನೆಯ ಮಗು ಎಂದಲ್ಲ, ಬಾಯಿ ತೆಗೆದರೆ ಬರೀ ರೀಲು ಬಿಡುತ್ತಿದ್ದಳು ಎಂದು.

ಪಟ್ಟು ಹಿಡಿದವರು ಮಾವ. ಅವರು ಆ ಬೀದಿಯಲ್ಲಿ ನಲವತ್ತು ವರ್ಷ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಪ್ಯಾಂಟು ಹೊಲಿದವರು. ಪಕ್ಕದ ಗೂಡಿನಲ್ಲಿ ಇಸ್ತ್ರಿಯವನು. ಇಬ್ಬರೂ ದಿನಾ ಬೆಳಿಗ್ಗೆ ಜಗಳವಾಡಿ, ಮಧ್ಯಾಹ್ನ ಒಂದೇ ಬುತ್ತಿ ಹಂಚಿಕೊಂಡು ತಿಂದು, ಸಂಜೆ ಮತ್ತೆ ಜಗಳವಾಡಿ ಮನೆಗೆ ಹೋಗುತ್ತಿದ್ದರು.

"ಒಂದು ತಿಂಗಳು ಬರ್ತೀನಮ್ಮಾ," ಎಂದರು ಮಾವ. "ನೋಡ್ತೀನಿ. ಹಿಡಿಸಲಿಲ್ಲ ಅಂದ್ರೆ ವಾಪಸ್. ಇಸ್ತ್ರಿಯವನ ಅಂಗಡಿ ಹಿಂದೆ ಒಂದು ಮಂಚ ಹಾಕೋ ಜಾಗ ಇದೆ. ನನಗೆ ಸಾಕು."

"ಹಿಡಿಸತ್ತೆ ಮಾವ, ಯಾಕೆ ಹಿಡಿಸಲ್ಲ?" ಎಂದಳು ಸೊಸೆ. ಬಾಯಲ್ಲಿ ಹೇಳಿದಷ್ಟು ಧೈರ್ಯ ಹೊಟ್ಟೆಯಲ್ಲಿರಲಿಲ್ಲ.

ಬಂದ ಮೂರನೆಯ ದಿನ ಇದ್ದ ಧೈರ್ಯವೂ ಉಡುಗಿತು. ಮಾವನ ಕತ್ತರಿಗೆಂದು ದೊಡ್ಡ ಕೋಣೆಯ ಗೋಡೆಗೆ ಮೊಳೆ ಹೊಡೆದು, ಪೆಟ್ಟಿಗೆಗಳನ್ನೆಲ್ಲ ಬುಡಮೇಲು ಮಾಡಿ ಹುಡುಕಿದಳು. ಕತ್ತರಿ ಇರಲಿಲ್ಲ.

"ಮಾವ, ನಿಮ್ಮ ಕತ್ತರಿ ಎಲ್ಲಿ?"

"ಇಸ್ತ್ರಿಯವನ ಹತ್ರ ಇದೆ," ಎಂದರು, ಪೇಪರಿನಿಂದ ತಲೆ ಎತ್ತದೆ.

ದರ್ಜಿಗಳ ಲೋಕದಲ್ಲಿ ಇದಕ್ಕೆ ಒಂದೇ ಅರ್ಥ. ಒಂದು ಅಂಗಡಿಯ ಕೆಲಸ ಬಿಟ್ಟು ಹೋಗುವವನು ತನ್ನ ಕತ್ತರಿ ತೆಗೆದುಕೊಂಡು ಹೋಗುತ್ತಾನೆ. ಕತ್ತರಿ ಬಿಟ್ಟು ಎದ್ದವನು ಊಟಕ್ಕೋ ರಜೆಗೋ ಹೋಗಿದ್ದಾನೆ, ಬಂದೇ ಬರುತ್ತಾನೆ. ಹತ್ತಿಂಚಿನ ಆ ಕಬ್ಬಿಣದ ಕತ್ತರಿ ಮಾವನ ಹೆಬ್ಬೆರಳಿಗೆ ಮಾತ್ರ ಹೊಂದುವಂತೆ ಸವೆದಿತ್ತು. ಅದನ್ನು ಅಲ್ಲಿ ಬಿಟ್ಟು ಬಂದಿದ್ದಾರೆ ಎಂದರೆ ಈ ಊರಿಗೆ ಬಂದಿರುವುದು ಬರೀ ನೆಂಟನಾಗಿ.

ನೆಂಟರ ಹಾಗೇ ಇದ್ದರು ಕೂಡ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಬೀದಿ ನೋಡುವುದು, ಕೊಟ್ಟಾಗ ಟೀ ಕುಡಿಯುವುದು. 'ನಿಮ್ಮ ಮನೆ ಗಾಳಿ ಚೆನ್ನಾಗಿದೆ' ಎನ್ನುವುದು. ನಿಮ್ಮ ಮನೆಯಂತೆ! ಅವರ ಬಟ್ಟೆಯ ಪೆಟ್ಟಿಗೆ ಬಿಟ್ಟರೆ ಇನ್ನೊಂದು ದಪ್ಪ ಚೀಲವಿತ್ತು. ಅದರ ಬಾಯಿಗೆ ಕಟ್ಟಿದ ದಾರವನ್ನು ಬಿಚ್ಚಲೂ ಇಲ್ಲ, ಮಂಚದ ಕೆಳಗೆ ತಳ್ಳಿ ಸುಮ್ಮನಾದರು. ಸೊಸೆ ಬೇಕೆಂದೇ ಹೊಲಿಗೆ ತಪ್ಪು ಮಾಡಿ ತೋರಿಸಿದಳು, ಏನಾದರೂ ಬೈಯಲಿ ಎಂದು. "ಪರವಾಗಿಲ್ಲಮ್ಮಾ, ನಡೆಯತ್ತೆ," ಎಂದುಬಿಟ್ಟರು. ಒಂದು ನೂಲು ಸೊಟ್ಟಗಾದರೂ ಇಡೀ ಪ್ಯಾಂಟು ಬಿಚ್ಚಿಸುತ್ತಿದ್ದ ಮನುಷ್ಯ!

ಅವಳಿಗೆ ಅಳುವೇ ಬಂತು. ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲು ಬಾರದವಳು. ಹಳೆ ಪೇಪರಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೈ ಹಿಡಿದು ಕತ್ತರಿಸಲು ಕಲಿಸಿದವರು ಈ ಮಾವ. ಕಲಿಸುವಾಗ ಬೈದ ಬೈಗುಳ ಒಂದೆರಡಲ್ಲ, ಆದರೆ ಊಟದ ಹೊತ್ತಿಗೆ 'ಮೊದಲು ನೀನು ತಿನ್ನು' ಎಂದವರೂ ಅವರೇ. ತನ್ನ ಹಟಕ್ಕೆ ಇಡೀ ಸಂಸಾರ ಗಡಿ ದಾಟಿದೆ. ಈಗ ಅವರೊಬ್ಬರು ವಾಪಸು ಹೋದರೆ ಏಳಲ್ಲ, ಎಪ್ಪತ್ತು ಕಿಟಕಿ ಇದ್ದರೂ ಈ ಮನೆಯಲ್ಲಿ ತನಗೆ ಉಸಿರಾಡಲು ಆಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟರ ನಡುವೆ ಪರದೆಗಳ ರಾಮಾಯಣ.

ಅದು ಅರ್ಥವಾಗಬೇಕಾದರೆ ಮಾವನ ಟೇಪಿನ ಕಥೆ ಹೇಳಬೇಕು. ಅವರ ಅಳತೆ ಟೇಪಿಗೆ ಮೊದಲ ಮೂರು ಇಂಚು ಇಲ್ಲ. ಹಿಂದೆ ಒಂದು ದಿನ, 'ಊರವರ ಸೊಂಟ ಎಲ್ಲ ಗೊತ್ತು, ಹೆಂಡತಿ ಊಟ ಮಾಡಿದಳಾ ಅನ್ನೋದು ಗೊತ್ತಿಲ್ಲ' ಎಂದು ಅತ್ತೆ ಸಿಟ್ಟಿನಲ್ಲಿ ಅದರ ತುದಿಯನ್ನು ಕಚಕ್ಕೆಂದು ಕತ್ತರಿಸಿದ್ದರಂತೆ. ಮಾವ ಹೊಸ ಟೇಪು ಕೊಳ್ಳಲಿಲ್ಲ. ಅತ್ತೆ ಇರುವ ತನಕ ಹಟಕ್ಕೆ, ಅತ್ತೆ ಹೋದ ಮೇಲೆ ಯಾಕೆ ಎಂದು ಯಾರೂ ಕೇಳಲಿಲ್ಲ. ಆ ಟೇಪಿನಲ್ಲಿ ಅಳೆದರೆ ಏನು ಬಂದರೂ ಮೂರು ಕಳೆಯಬೇಕು. ಗೊಂದಲವಾಗದಿರಲಿ ಎಂದು ಅಂಗಡಿಯಲ್ಲಿ ಒಂದು ನಿಯಮವಿತ್ತು: ಅಳತೆ ತೆಗೆಯುವವರು ಟೇಪಿನಲ್ಲಿ ಕಂಡದ್ದನ್ನೇ ಬರೆಯಬೇಕು, ಮೂರು ಕಳೆಯುವುದು ಬಟ್ಟೆ ಕತ್ತರಿಸುವವರ ಕೆಲಸ.

ಮನೆ ನೋಡಲು ಹೊರಟ ಗಂಡನ ಜೇಬಿಗೆ ಸೊಸೆ ಹಾಕಿದ್ದು ಇದೇ ಟೇಪು. ಅವನು ಏಳು ಕಿಟಕಿ ಅಳೆದು, ಚೀಟಿಯಲ್ಲಿ ಬರೆದು ತಂದ. ಅವಳು ಅಂಗಡಿಯ ನಿಯಮದಂತೆ ಮೂರು ಮೂರು ಕಳೆದು, ಉಳಿದ ಬಟ್ಟೆ ಕೂಡಿಸಿ ಕೂಡಿಸಿ, ಊರು ಬಿಡುವ ವಾರ ಕೂತು ಏಳೂ ಪರದೆ ಹೊಲಿದಳು. ಹೊಸ ಮನೆಯಲ್ಲಿ ಕಂಬಿಗೆ ಸಿಕ್ಕಿಸಿ ಹಿಂದೆ ಸರಿದು ನೋಡಿದರೆ ಏನಿದೆ? ಒಂದೊಂದು ಪರದೆಯೂ ಕಿಟಕಿಯ ಕಟ್ಟೆಯಿಂದ ಮೂರು ಇಂಚು ಮೇಲೆ, ಪ್ರವಾಹ ಬಂತೆಂದು ಪ್ಯಾಂಟು ಎತ್ತಿ ಹಿಡಿದವರಂತೆ ನಿಂತಿದೆ.

"ರೀ! ಚೀಟೀಲಿ ಏನು ಬರ್ದಿದ್ರಿ?"

"ಅಳತೆ."

"ಟೇಪಲ್ಲಿ ಇದ್ದ ಅಳತೆನಾ?"

"ಇಲ್ಲಪ್ಪ. ಮೂರು ಕಳೆದೇ ಬರ್ದೆ." ಗಂಡ ಎದೆ ಉಬ್ಬಿಸಿದ. "ನಿನಗ್ಯಾಕೆ ತೊಂದರೆ ಅಂತ."

"ಅಯ್ಯೋ ದೇವರೇ! ಹುಟ್ಟಿದಾಗಿಂದ ಆ ಅಂಗಡೀಲಿ ಬೆಳೆದ್ರಿ, ಒಂದು ದಿನ ಕಳೆದವರಲ್ಲ. ಅವತ್ತೇ ಕಳೀಬೇಕಿತ್ತಾ?"

"ಒಳ್ಳೇದು ಮಾಡೋಕೆ ಹೋದ್ರೆ ಹೀಗೇ ಕಣೇ!"

"ನೀವು ಫ್ರಿಜ್ಜಿಗೆ ಒಳ್ಳೇದು ಮಾಡಿ, ಸಾಕು!"

ರೀಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂಚಿನ ಮಡಿಕೆ ಬಿಚ್ಚಿ ಇಳಿಸೋಣವೆಂದರೆ ಬಟ್ಟೆ ಸಾಲದೆಂದು ಮಡಚಿದ್ದೇ ಅರ್ಧ ಇಂಚು. ಸೊಸೆ ತಲೆ ಮೇಲೆ ಕೈ ಹೊತ್ತು ಕೂತಳು. ಮಾವ ಮಾತ್ರ ಕುರ್ಚಿಯಲ್ಲಿ ತುಟಿಪಿಟಕ್ಕೆನ್ನಲಿಲ್ಲ. ನೆಂಟರು ಮನೆಯವರ ಜಗಳದಲ್ಲಿ ಬಾಯಿ ಹಾಕುತ್ತಾರೆಯೇ?

ಬಾಗಿಲಿಗೆ 'ಟೈಲರ್' ಎಂಬ ಬೋರ್ಡು ಹಾಕಿ ವಾರವಾಗಿತ್ತು. ಬಂದವರು ಇಬ್ಬರು, ಒಬ್ಬರು ವಿಳಾಸ ಕೇಳಲು, ಇನ್ನೊಬ್ಬರು ಕಳೆದುಹೋದ ಬೆಕ್ಕನ್ನು ಹುಡುಕಿಕೊಂಡು. ಬೀದಿಯ ಮಕ್ಕಳು ಮಾತ್ರ ಪರದೆಯ ಕೆಳಗಿನ ಸಂದಿಯಲ್ಲಿ ಮೂರು ಮೂರು ಜೊತೆ ಕಣ್ಣಿಟ್ಟು ಒಳಗೆ ನೋಡಿ ಓಡುತ್ತಿದ್ದವು. ಒಂದು ಬೆಳಿಗ್ಗೆ ಎದುರಿನ ಬೇಕರಿಯಾಕೆ ತನ್ನ ಗಿರಾಕಿಯೊಬ್ಬನಿಗೆ ಬ್ರೆಡ್ಡು ಕಟ್ಟಿಕೊಡುತ್ತ ಅಂದಳು. ಆ ಊರಿನವರ ಮಾತಿನ ಧಾಟಿ ಬೇರೆ, ಆದರೂ ಒಂದಕ್ಷರ ಬಿಡದಂತೆ ಕೇಳಿಸಿತು.

"ಟೈಲರ್ ಮನೆಯಂತೆ! ಪರದೆ ನೋಡಿದ್ರಾ? ಬೆಳೆದ ಹುಡುಗನಿಗೆ ಹಳೇ ಚಡ್ಡಿ ಹಾಕಿದ ಹಾಗಿದೆ."

ಗಿರಾಕಿ ಗಹಗಹಿಸಿ ನಕ್ಕ. ಸೊಸೆ ಮಿಷನ್ನಿನ ಮುಂದೆ ನಾಚಿಕೆಯಿಂದ ತಲೆ ತಗ್ಗಿಸಿದಳು. ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು.

ಮಾವ ಎದ್ದು ನಿಂತಿದ್ದರು. ಮುಖ ಕೆಂಪಾಗಿತ್ತು. "ಚಡ್ಡಿಯಂತೆ! ಯಾರ ಮನೆ ಪರದೆಗೆ? ನಲವತ್ತು ವರ್ಷ ನನ್ನ ಬಟ್ಟೇನ ಒಬ್ಬ ಗಂಡಸು ಗಿಡ್ಡ ಅಂದಿಲ್ಲ! ಬಿಚ್ಚಮ್ಮಾ ಅದನ್ನ. ಎಲ್ಲಾ ಬಿಚ್ಚು."

"ಬಟ್ಟೆ ಇಲ್ಲ ಮಾವ."

"ಬಟ್ಟೆ ನಾನು ಕೊಡ್ತೀನಿ. ರೀಲೂ, ನನ್ನ ಚೀಲ ಎಳ್ಕೊಂಡು ಬಾ."

ಚೀಲದ ದಾರ ಬಿಚ್ಚಿದರು. ಒಳಗಿದ್ದದ್ದು ಪ್ಯಾಂಟಿನ ತುದಿಗಳು. ಉದ್ದವಾದ ಪ್ಯಾಂಟನ್ನು ಗಿಡ್ಡ ಮಾಡಿ ಕೊಡುವಾಗ ಕೆಳಗಿನಿಂದ ಕತ್ತರಿಸಿ ತೆಗೆಯುತ್ತಾರಲ್ಲ, ಆ ತುಂಡುಗಳು. ಒಂದೊಂದನ್ನೂ ತೊಳೆದು, ಇಸ್ತ್ರಿ ಮಾಡಿಸಿ, ಮಡಚಿ ಕಟ್ಟುಕಟ್ಟಾಗಿ ಇಟ್ಟಿದ್ದರು. ನಲವತ್ತು ವರ್ಷದ್ದು. ಕತ್ತರಿ ಬಿಟ್ಟು ಬಂದ ಮನುಷ್ಯ ಈ ಚೂರುಗಳನ್ನು ಗಡಿ ದಾಟಿಸಿ ಹೊತ್ತು ತಂದಿದ್ದರು!

"ಇದನ್ಯಾಕೆ ತಂದ್ರಿ ಮಾವ?"

"ಯಾರ ಪ್ಯಾಂಟಾದ್ರೂ ಹರಿದ್ರೆ ಅದೇ ಬಟ್ಟೆ ತೇಪೆ ಬೇಕಲ್ಲಮ್ಮಾ, ಅದಕ್ಕೆ ಇಟ್ಟಿದ್ದು. ಇಸ್ತ್ರಿಯವನ ಹತ್ರ ಬಿಟ್ರೆ ಕೈ ಒರೆಸೋಕೆ ತಗೋತಾನೆ, ಕತ್ತೆ." ಹೇಳುತ್ತ ಒಂದು ಖಾಕಿ ತುಂಡನ್ನು ಬೆಳಕಿಗೆ ಹಿಡಿದರು. "ಇದು ಪೋಸ್ಟ್‌ಮ್ಯಾನ್‌ದು. ಈ ಕಪ್ಪು, ಲಾಯರ್‌ದು, ಕೇಸು ಸೋತಾಗೆಲ್ಲ ಹೊಸ ಪ್ಯಾಂಟು ಹೊಲಿಸ್ತಿದ್ದ. ಈ ಬೂದು ಬಣ್ಣ ಬ್ಯಾಂಕ್ ಮ್ಯಾನೇಜರ್‌ದು. ಎರಡು ಕಾಲೂ ಒಂದಳತೆ ಅಲ್ಲ ಅವನಿಗೆ, ಯಾರಿಗೂ ಹೇಳಬೇಡ ಅಂದಿದ್ದ. ಪಾಪ, ಹೋಗಿಬಿಟ್ಟ, ಈಗ ಹೇಳಬಹುದು."

ಯಾವ ತುಂಡೂ ಮೂರು ಇಂಚಿಗೆ ಕಡಿಮೆ ಇರಲಿಲ್ಲ. ಗಿರಾಕಿಗಳು ನೆಲ ಗುಡಿಸುವ ಪ್ಯಾಂಟು ಕೊಂಡು ತರುತ್ತಿದ್ದುದೇ ಒಳ್ಳೆಯದಾಯಿತು.

ಮಾವ ಸೊಸೆಯ ಕತ್ತರಿ ಕೈಗೆತ್ತಿಕೊಂಡರು, ಒಂದು ಸಲ ಆಡಿಸಿದರು, ಮೂಗು ಮುರಿದರು. "ಇದು ಕತ್ತರಿನಾ, ಇಕ್ಕಳನಾ? ಇದರಲ್ಲಿ ಹೇಗಮ್ಮಾ ಕೆಲಸ ಮಾಡ್ತೀಯ?"

"ಒಳ್ಳೇದನ್ನ ಬಿಟ್ಟು ಬಂದಿದೀರಲ್ಲ ಮಾವ," ಎಂದಳು ಅವಳು, ತಡೆಯಲಾರದೆ.

ಮಾವ ಕನ್ನಡಕ ಏರಿಸಿ ಮೊದಲ ಹೊಲಿಗೆ ಬಿಚ್ಚತೊಡಗಿದರು.

ಐದು ದಿನ ಆ ಮನೆಯಲ್ಲಿ ಬೈಗುಳದ ಸುರಿಮಳೆ. "ನೇರ ಹೊಡಿ! ಕಣ್ಣು ಬೀದೀಲಿದೆಯಾ? ಬಿಚ್ಚು, ಮತ್ತೆ ಹಾಕು." ಸೊಸೆ ಬಿಚ್ಚಿದಳು, ಮತ್ತೆ ಹಾಕಿದಳು. ಅಷ್ಟು ಖುಷಿಯಿಂದ ಬೈಸಿಕೊಂಡವರನ್ನು ನೀವು ನೋಡಿರಲಾರಿರಿ. ಮಾವ ತುಂಡುಗಳನ್ನು ಬಿಡಿಸಿ ಸಾಲಾಗಿ ಜೋಡಿಸುವುದು, ಅವಳು ಕೂಡಿಸಿ ಪಟ್ಟಿ ಮಾಡಿ ಪರದೆಯ ಅಂಚಿಗೆ ಹೊಲಿಯುವುದು, ರೀಲು ಗುಂಡುಸೂಜಿ ಕೊಡುತ್ತ 'ಇದು ಯಾರದು ತಾತ? ಇದು?' ಎಂದು ಕೇಳುವುದು. ಲಾಯರ್ ಪಕ್ಕ ಪೋಸ್ಟ್‌ಮ್ಯಾನ್ ಬೇಡ, ಅವರಿಬ್ಬರಿಗೆ ಮಾತಿಲ್ಲ ಎಂದು ಮಾವ ಒಂದು ಸಲ ಇಡೀ ಸಾಲು ಬದಲಾಯಿಸಿದರು. ಗಂಡ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತವನು, "ಅಪ್ಪಾ, ಇದು ನನ್ನ ಕಾಲೇಜ್ ಪ್ಯಾಂಟಲ್ವಾ?" ಎಂದು ಒಂದು ನೀಲಿ ತುಂಡನ್ನು ಮುಟ್ಟಿ ನೋಡಿ, ಆಮೇಲೆ ಅಡುಗೆಮನೆಗೆ ಹೋಗಿ ಎಲ್ಲರಿಗೂ ಟೀ ಮಾಡಿದ.

ಬೀದಿಯ ಮೂರು ಕಿಟಕಿಗೆ ಪರದೆ ಬಿದ್ದ ಮಾರನೆಯ ದಿನವೇ ಬೇಕರಿಯಾಕೆ ರಸ್ತೆ ದಾಟಿ ಬಂದಳು. ಕೈಯಲ್ಲಿ ಗಂಡನ ಎರಡು ಪ್ಯಾಂಟು. ಪರದೆಯ ಅಂಚನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಹೊಲಿಗೆ ಎಲ್ಲಿದೆ ಅಂತಾನೇ ಕಾಣ್ತಿಲ್ಲ," ಎಂದಳು.

"ಕಾಣಬಾರದು ಅಂತಾನೇ ಹಾಕೋದು," ಎಂದರು ಮಾವ, ಇನ್ನೂ ಸಿಟ್ಟು ಇಳಿಯದೆ. "ಎಷ್ಟು ಕಡಿಮೆ ಮಾಡಬೇಕು? ತುಂಡು ವಾಪಸ್ ಕೊಡಲ್ಲ, ಮೊದಲೇ ಹೇಳಿದೀನಿ."

ಸೊಸೆ ನಗು ತಡೆಯಲು ಒಳಗೆ ಓಡಿದಳು. ಅಡುಗೆಮನೆಯಲ್ಲಿ ನಿಂತು ಯೋಚಿಸಿದಳು. ತುಂಡು ಯಾಕೆ ಬೇಕಂತೆ ಇವರಿಗೆ? ಮುಂದೆ ಹರಿದರೆ ತೇಪೆ ಹಾಕಲು. ಮುಂದೆ ಎಂದರೆ ಯಾವಾಗ? ಅವಳಿಗೆ ಜೀವ ಬಂದಂತಾಯಿತು. ಮರುಕ್ಷಣವೇ ಗೋಡೆಯ ಖಾಲಿ ಮೊಳೆ ನೆನಪಾಗಿ ಮನಸ್ಸು ಮತ್ತೆ ಕುಸಿಯಿತು.

ಆರು ಪರದೆ ಮುಗಿದವು. ಏಳನೆಯದು ಮಾವನ ಕೋಣೆಯದು. ಅದರ ಅಂಚು ಒಂದು ಗೇಣು ಬಾಕಿ ಇರುವಾಗ ಮಾವ ನಿಲ್ಲಿಸಿಬಿಟ್ಟರು. ಚೀಲದಲ್ಲಿ ಇನ್ನೂ ತುಂಡುಗಳಿದ್ದವು.

"ಇದನ್ನ ಹಾಕಲಾ ಮಾವ?"

"ಬೇಡ. ಅಲ್ಲಿ ಇಸ್ತ್ರಿಯವನದು ಬರಬೇಕಿತ್ತು. ಅವನದು ಒಂದು ಚೂರೂ ಇಲ್ಲ. ಒಂಟೆ ಥರ ಬೆಳೆದಿದಾನೆ, ತಗೊಂಡ ಪ್ಯಾಂಟೆಲ್ಲ ಅವನಿಗೆ ಮೊದಲೇ ಗಿಡ್ಡ. ನಲವತ್ತು ವರ್ಷದಲ್ಲಿ ನಾನು ಅವನಿಂದ ಅರ್ಧ ಇಂಚು ಕತ್ತರಿಸಿಲ್ಲ." ಪರದೆಯನ್ನು ಹಾಗೇ ಕಂಬಿಗೆ ಸಿಕ್ಕಿಸಿದರು. ಮೂಲೆಯಲ್ಲಿ ಒಂದು ಗೇಣಗಲ ಬೆಳಕು ಒಳಗೆ ಬರುತ್ತಿತ್ತು. "ಇರಲಿ ಬಿಡು," ಎಂದರು.

ಅವತ್ತು ಸಂಜೆ ಮಗನ ಫೋನು ಕೇಳಿ ಪಡೆದು, ಬಾಗಿಲು ಹಾಕಿಕೊಂಡು ಇಸ್ತ್ರಿಯವನ ಜೊತೆ ಬಹಳ ಹೊತ್ತು ಮಾತಾಡಿದರು. ಸೊಸೆಗೆ ಕೇಳಿಸಿದ್ದು ಎರಡೇ ಮಾತು, 'ತಿಂಗಳಾಯ್ತು' ಮತ್ತು 'ಬಸ್ಸು'.

ತಿಂಗಳಿಗೆ ಎರಡು ದಿನ ಇರುವಾಗ, ಬೆಳಿಗ್ಗೆ ಮಾವ ಒಳ್ಳೆಯ ಅಂಗಿ ತೊಟ್ಟು ಹೊರಟು ನಿಂತರು.

"ಬಸ್‌ಸ್ಟ್ಯಾಂಡ್ ಯಾವ ಕಡೆ ಅಮ್ಮಾ?"

ಟಿಕೆಟ್ಟಿಗೆ ಹೊರಟಿದ್ದಾರೆ. ಇನ್ನೇನು ಉಳಿಯಿತು? ಅವಳು ದಾರಿ ಹೇಳಿದಳು. 'ಹೋಗಬೇಡಿ' ಎಂದು ಹೇಗೆ ಹೇಳುವುದು? ತಾನು ಗೋಡೆ ನೋಡುತ್ತ ಹತ್ತು ವರ್ಷ ಕಳೆದಾಗ ಮಾವ ಒಂದು ದಿನವೂ 'ಸುಮ್ಮನಿರು' ಎಂದಿರಲಿಲ್ಲ. ಊರು ಬಿಡೋಣ ಎಂದಾಗಲೂ ತಡೆದಿರಲಿಲ್ಲ. ಈಗ ಅವರನ್ನು ತಡೆಯಲು ತನಗೆ ಯಾವ ಬಾಯಿ ಇದೆ? ಮಿಷನ್ನಿನ ಮುಂದೆ ಕೂತು ಬೇಕರಿಯಾಕೆಯ ಮಗಳ ಅಂಗಿಗೆ ತೋಳು ಹಚ್ಚಿದಳು. ನೋಡಿದರೆ ತೋಳು ಒಳಹೊರಗಾಗಿತ್ತು. ಬಿಚ್ಚಿ ಮತ್ತೆ ಹಚ್ಚಿದಳು. ಈ ಸಲ ಎಡದ್ದು ಬಲಕ್ಕೆ ಹೋಯಿತು.

ಮಾವ ಬಂದಾಗ ಊಟದ ಹೊತ್ತಾಗುತ್ತಿತ್ತು. ಕಂಕುಳಲ್ಲಿ ಒಂದು ಪೊಟ್ಟಣ.

"ಬಸ್‌ಸ್ಟ್ಯಾಂಡ್ ಪಾರ್ಸಲ್ ಆಫೀಸಿನವರು ಎಷ್ಟು ಹೊತ್ತು ಕಾಯಿಸ್ತಾರಮ್ಮಾ!" ಎನ್ನುತ್ತ ಅದನ್ನು ಮೇಜಿನ ಮೇಲಿಟ್ಟು ದಾರ ಕಿತ್ತರು. ಪೇಪರು ಸರಿಸಿದರೆ ಒಳಗೆ ಹತ್ತಿಂಚಿನ ಕಬ್ಬಿಣದ ಕತ್ತರಿ. ಅದಕ್ಕೆ ಒಂದು ಚೌಕಳಿ ಬಟ್ಟೆಯ ತುಂಡನ್ನು ಬಿಗಿಯಾಗಿ ಸುತ್ತಲಾಗಿತ್ತು. ಮಾವ ಬಟ್ಟೆಯನ್ನು ಬಿಡಿಸಿ ಕಣ್ಣಿಗೆ ಹತ್ತಿರ ಹಿಡಿದರು. ಪ್ಯಾಂಟಿನ ತುದಿ. ಯಾವುದೋ ಮೊಂಡು ಬ್ಲೇಡಿನಲ್ಲಿ ಸೊಟ್ಟಸೊಟ್ಟಗೆ ಕೊಯ್ದದ್ದು, ಆದರೆ ಇಸ್ತ್ರಿ ಮಾತ್ರ ಗರಿಗರಿ.

"ಮುಠ್ಠಾಳ!" ಮಾವ ಕೂಗಿದರು. "ಒಂದೇ ಒಂದು ಒಳ್ಳೇ ಪ್ಯಾಂಟಿತ್ತು ಅವನ ಹತ್ರ. ಮಾತಿಗೆ ಹೇಳಿದೆ, ನಿನ್ನದು ಒಂದು ಇಲ್ವಲ್ಲೋ ಅಂತ. ಕತ್ತರಿಸೇ ಕಳಿಸಿದಾನೆ! ಮೊದಲೇ ಗಿಡ್ಡ, ಈಗ ಮೊಣಕಾಲಿಗೆ ಬಂದಿರತ್ತೆ. ಹೇಗೆ ಹಾಕ್ಕೊಂಡು ಓಡಾಡ್ತಾನೋ, ಕತ್ತೆ!" ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕಕ್ಕಿಂತ ಕಣ್ಣನ್ನೇ ಹೆಚ್ಚು ಹೊತ್ತು ಒರೆಸಿಕೊಂಡರು.

ರೀಲು ಪರದೆಯನ್ನು ಕಂಬಿಯಿಂದ ಎಳೆದು ತಂದಳು. ಮಾವ ತಮ್ಮ ಕತ್ತರಿಯಲ್ಲಿ ಸೊಟ್ಟ ಅಂಚನ್ನು ಒಂದೇ ಎಳೆತಕ್ಕೆ ನೇರ ಮಾಡಿದರು. ಅಳೆಯಲು ಟೇಪು ಹಿಡಿದಾಗ ಸೊಸೆ ಮೆಲ್ಲಗೆ, "ಮೂರು ನೀವು ಕಳೀತೀರೋ, ನಾನು ಕಳೀಲೋ?" ಎಂದಳು.

"ಅಳೆಯೋದು ನಾನು. ಕಳೆಯೋದು ನೀನು. ನಿಯಮ ನಿಯಮವೇ," ಎಂದರು ಮಾವ.

ಚೌಕಳಿ ತುಂಡು ಕೂತಿತು. ಪರದೆ ಮತ್ತೆ ಕಂಬಿಗೇರಿತು, ಕಿಟಕಿಯ ಕಟ್ಟೆಯನ್ನು ಮುಟ್ಟಿ ನಿಂತಿತು. ಅಡುಗೆಮನೆಯಿಂದ ಗಂಡ ಊಟಕ್ಕೆ ಕರೆದ. ಗೋಡೆಯ ಮೊಳೆಯನ್ನು ತೋರಿಸಿ ಸೊಸೆ, "ಅದಕ್ಕೆ ಹಾಕಲಾ ಮಾವ?" ಎಂದು ಕತ್ತರಿಗೆ ಕೈ ಚಾಚಿದಳು.

"ಬೇಡ ಬಿಡಮ್ಮಾ, ಇನ್ನೂ ಕೆಲಸ ಇದೆ," ಎಂದು ಮಾವ ಕತ್ತರಿಯನ್ನು ಮೇಜಿನ ಮೇಲೇ ಬಿಟ್ಟು ಊಟಕ್ಕೆ ಎದ್ದರು.